ಮಡಚುವ ಅರಮನೆಯ ಒಡೆಯರಿಗೆ ರಿಯಾಯಿತಿ ಇಲ್ಲ

ಸನ್ಮಾನ್ಯ ಶುಲ್ಕ ನಿರ್ಧಾರಕ ಯಂತ್ರವರ್ಯರ ಸನ್ನಿಧಾನಕ್ಕೆ,
ಸೃಜನಶೀಲ ಬರವಣಿಗೆ ವಿಭಾಗ, ಕಾಲೇಜಿನ ಜಾಲತಾಣ, ಎಡಬದಿಯ ನೀಲಿ ಗುಂಡಿ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ತಮಗೆ ಬೇಕಾದ ವಿದ್ಯುತ್ತು ಯಾವ ಅಡಚಣೆಯೂ ಇಲ್ಲದೆ ಹರಿದುಬರುತ್ತಿದೆಯೆಂದೂ, ತಮ್ಮ ತಂತಿಗಳನ್ನು ಇಲಿಗಳು ಇನ್ನೂ ಮುಟ್ಟಿಲ್ಲವೆಂದೂ ನಂಬಿ ಈ ಪತ್ರಕ್ಕೆ ಕೈಹಾಕಿದ್ದೇನೆ. ಇಲ್ಲಿ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ತಾವು ಬರೆದದ್ದನ್ನೆಲ್ಲ ಬರೆದ ಹಾಗೆಯೇ ನಂಬಿಬಿಡುವ ಮುಗ್ಧ ಸ್ವಭಾವದವರಾದ್ದರಿಂದ, ತಮಗೆ ಬರೆಯುವಾಗ ಇನ್ನು ಮುಂದೆ ಒಂದೊಂದು ಪದವನ್ನೂ ತೂಗಿ ಬರೆಯಬೇಕೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಆದಕಾರಣ ನಾವು ಕ್ಷೇಮವಾಗಿಲ್ಲ ಎಂದು ಸ್ಪಷ್ಟವಾಗಿ ತಿಳಿಸುತ್ತೇನೆ.

ನಾನು ಯಾರೆಂಬುದು ತಮಗೆ ತಿಳಿದಿರಲಾರದು. ತಮ್ಮ ಕಾಲೇಜಿನಲ್ಲಿ ಕಥೆ ಬರೆಯುವುದನ್ನು ಕಲಿಯಬೇಕೆಂದು ಅರ್ಜಿ ಹಾಕಿ, ತಮ್ಮದೇ ಮೇಷ್ಟ್ರುಗಳಿಂದ ಆಯ್ಕೆಯೂ ಆಗಿ, ಕೊನೆಗೆ ಶುಲ್ಕದ ಬಾಗಿಲಲ್ಲಿ ತಮ್ಮ ಕೈಗೆ ಸಿಕ್ಕಿಬಿದ್ದ ಹದಿನೇಳು ವರ್ಷದ ಹುಡುಗಿಯ ಸೋದರತ್ತೆ ನಾನು. ಹುಡುಗಿಯನ್ನು ನಾವು ಕಡ್ಡಿ ಎಂದು ಕರೆಯುತ್ತೇವೆ, ಮೈಯೂ ಹಾಗೆಯೇ ಇದೆ, ಮಾತೂ ಕಡ್ಡಿ ಮುರಿದ ಹಾಗೆಯೇ. ಅವಳ ಅಪ್ಪ, ಅಂದರೆ ನನ್ನ ತಮ್ಮ, ಮತ್ತು ನಾನು ಸೇರಿ ನಾಟಕದ ಉಡುಪು ಮತ್ತು ಸಾಮಾನುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತೇವೆ. ಅವಳಮ್ಮ ಆಸ್ಪತ್ರೆಯಲ್ಲಿ ದಾದಿ. ಅಂಗಡಿ ಎಂದರೆ ಚಪ್ಪಲಿ ಹೊಲಿಯುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಒಂದು ಉದ್ದನೆಯ ಕೋಣೆ. ಅಲ್ಲಿ ಗೋಂದು, ನುಸಿಗುಳಿಗೆ ಮತ್ತು ಬೇರೆಯವರ ಬೆವರು ಇವು ಮೂರರ ವಾಸನೆ ಸದಾ ಇರುತ್ತದೆ. ಮೇಲೆ ಎರಡು ಬಾಡಿಗೆ ಕೋಣೆಗಳಲ್ಲಿ ನಾವು ವಾಸವಿದ್ದೇವೆ.

ಈ ಅಂಗಡಿಗೆ ನಮ್ಮ ಅಪ್ಪ ಹಾಕಿಕೊಟ್ಟ ಒಂದು ಕಟ್ಟಳೆ ಇದೆ. ಇಲ್ಲಿಯ ಯಾವ ಸಾಮಾನನ್ನೂ ರಟ್ಟು, ತಗಡು, ನಕಲಿ ಎಂದು ಕರೆಯಕೂಡದು. "ರಟ್ಟಿನ ಕಿರೀಟ ಅಂತ ಹೇಳಿ ಕೊಟ್ರೆ ಹಾಕ್ಕೊಂಡವನು ಕೂಲಿಯವನ ಥರ ನಿಲ್ತಾನೆ, ಕಿರೀಟ ಅಂತ ಹೇಳಿ ಕೊಟ್ರೆ ರಾಜನ ಥರ ನಿಲ್ತಾನೆ" ಎನ್ನುವುದು ಅವರ ವಾದ. ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಕಟ್ಟಳೆ ಮಾತ್ರ ಹೋಗಿಲ್ಲ. ಇವತ್ತಿಗೂ ನನ್ನ ತಮ್ಮ ಮಳೆ ಬಂದರೆ "ಅಕ್ಕಾ, ಸಿಂಹಾಸನ ಒಳಗಿಡು" ಎಂದು ಕೂಗುತ್ತಾನೆ, ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ತಮ್ಮೊಂದಿಗೆ ನಮಗೆ ಬಂದ ತಕರಾರಿನ ಬೇರು ಇರುವುದು ಈ ಕಟ್ಟಳೆಯಲ್ಲಿಯೇ, ಆದ್ದರಿಂದ ತಾವು ಇದನ್ನು ಮನಸ್ಸಿನಲ್ಲಿ, ಅಥವಾ ತಮ್ಮಲ್ಲಿ ಮನಸ್ಸಿನ ಜಾಗದಲ್ಲಿ ಏನಿದೆಯೋ ಅದರಲ್ಲಿ, ಇಟ್ಟುಕೊಳ್ಳಬೇಕಾಗಿ ವಿನಂತಿ.

ಇನ್ನು ಹುಡುಗಿಯ ವಿಷಯ. ಬಾಡಿಗೆಗೆ ಹೋಗುವ ಪ್ರತಿ ಉಡುಪಿಗೂ ನಾವು ಒಂದು ಚೀಟಿ ಪಿನ್ನು ಮಾಡುತ್ತೇವೆ, ಎಲ್ಲಿ ಹರಿದಿದೆ, ಎಲ್ಲಿ ಗುಂಡಿ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಕೈಬರಹ ಚೆನ್ನಾಗಿದೆ ಎಂದು ಆ ಕೆಲಸವನ್ನು ಕಡ್ಡಿಗೆ ವಹಿಸಿದ್ದೆವು. ಅವಳು "ಎಡತೋಳು ಹರಿದಿದೆ" ಎಂದು ಬರೆಯುವ ಬದಲು "ಈ ಸೇನಾಪತಿ ಈ ವರ್ಷ ಆರು ಯುದ್ಧ ಸೋತಿದ್ದಾನೆ, ಆರೂ ಸಲ ಎಡಗೈಯನ್ನೇ ಎತ್ತಿ ಶರಣಾಗಿದ್ದಾನೆ, ದಯವಿಟ್ಟು ಈ ಸಲ ಬಲಗೈ ಎತ್ತಿಸಿ" ಎಂದು ಬರೆಯತೊಡಗಿದಳು. ಮುದಿ ರಾಣಿಯ ಸೀರೆಗೆ, ಅಂತಃಪುರದಲ್ಲಿ ಸೊಳ್ಳೆ ಇದ್ದುದರಿಂದ ರಾಣಿ ಇಡೀ ಅಂಕ ಕಾಲು ಕೆರೆದುಕೊಂಡಿದ್ದಾಳೆ, ಅಂಚು ನೋಡಿಕೊಳ್ಳಿ ಎಂದು ಬರೆದಳು. ನಾಟಕದವರು ಉಡುಪು ವಾಪಸ್ಸು ತಂದಾಗ ಚೀಟಿ ಮಾತ್ರ ತರುತ್ತಿರಲಿಲ್ಲ. ಕೆಲವರು ಬೇಕಾದದ್ದಕ್ಕಿಂತ ಒಂದು ಅಂಗಿ ಹೆಚ್ಚು ಒಯ್ದದ್ದು ಚೀಟಿಯ ಆಸೆಗೇ ಎಂದು ನನಗೆ ಬಲವಾದ ಗುಮಾನಿ ಇದೆ. ನನಗೆ ಓದು ಅಷ್ಟಕ್ಕಷ್ಟೆ, ಆದರೆ ಯಾವುದನ್ನು ಓದಿದರೆ ನಗು ಬರುತ್ತದೆ, ನಕ್ಕಾದ ಮೇಲೆ ಯಾಕೋ ಇನ್ನೊಮ್ಮೆ ಓದಬೇಕೆನಿಸುತ್ತದೆ ಎನ್ನುವುದು ಗೊತ್ತಾಗದಷ್ಟು ಕಲ್ಲು ನಾನಲ್ಲ.

ಹಾಗಾಗಿ, ಇವಳನ್ನು ಬರವಣಿಗೆಯನ್ನೇ ಕಲಿಸುವ ಕಾಲೇಜಿಗೆ ಸೇರಿಸಬೇಕು, ಅದೂ ನಮ್ಮ ಕೈಗೆಟುಕುವ ಕಾಲೇಜಿಗೆ ಎಂದು ಮೊದಲು ಬಾಯಿಬಿಟ್ಟವಳು ನಾನೇ. ಮನೆಯ ಮಾಲೀಕರು ಮೆಟ್ಟಿಲ ಮೇಲೆ ನಿಂತು, "ಬರೆಯೋದಕ್ಕೂ ಕಾಲೇಜಾ ಅಮ್ಮ? ಒಂದು ಪೆನ್ನು ಸಾಲದಾ?" ಎಂದರು. ಅಡುಗೆಗೆ ಒಂದು ಸೌಟು ಸಾಕಾಗಿದ್ದರೆ ಎಲ್ಲರ ಮನೆಯ ಸಾರೂ ಒಂದೇ ರುಚಿ ಇರಬೇಕಿತ್ತಲ್ಲ ಎಂದು ನಾನು ಕೇಳಿದೆ. ಅವರಿಗೆ ಅವರ ಮನೆಯ ಸಾರು ನೆನಪಾಯಿತೆಂದು ಕಾಣುತ್ತದೆ, ಮೆಟ್ಟಿಲಿಳಿದು ಹೋದರು.

ಕೈಗೆಟುಕುವ ಕಾಲೇಜುಗಳನ್ನು ಹುಡುಕುತ್ತಾ ಕಡ್ಡಿಯೂ ನಾನೂ ಜೆರಾಕ್ಸ್ ಅಂಗಡಿಯ ಹಳೆಯ ಕಂಪ್ಯೂಟರಿನ ಮುಂದೆ ಕಳೆದ ಸಂಜೆಗಳನ್ನು ನೆನೆದರೆ ಈಗಲೂ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಒಂದು ಕಾಲೇಜು ತನ್ನ ಶುಲ್ಕ ಎಷ್ಟೆಂದು ತಿಳಿಸುವುದಕ್ಕೇ ಶುಲ್ಕ ಕೇಳಿತು. ಇನ್ನೊಂದರಲ್ಲಿ ಪಾಠ ಅಗ್ಗ, ಆದರೆ ಅವರ ವಸತಿಗೃಹದಲ್ಲಿಯೇ ಇರಬೇಕು, ಅಲ್ಲಿ ಪ್ರತಿ ಕೋಣೆಗೂ ಕೆರೆ ಕಾಣುವ ಕಿಟಕಿ ಇದೆ, ಆ ಕೆರೆಯ ಬೆಲೆಯನ್ನು ವಿದ್ಯಾರ್ಥಿಗಳೇ ತೀರಿಸುತ್ತಿದ್ದಾರೆ ಎಂದು ಲೆಕ್ಕ ನೋಡಿದ ಮೇಲೆ ಗೊತ್ತಾಯಿತು. ಬಲು ಅಗ್ಗವಾದ ಒಂದು ಕಾಲೇಜು ಸಿಕ್ಕಾಗ ನಾವಿಬ್ಬರೂ ಕೈ ಕೈ ಹಿಡಿದುಕೊಂಡೆವು. ಒಳಹೊಕ್ಕು ನೋಡಿದರೆ ಅಲ್ಲಿ ಸೃಜನಶೀಲ ಬರವಣಿಗೆ ಎಂದರೆ ಸೋಪಿನ ಪೊಟ್ಟಣದ ಮೇಲೆ ಏನು ಬರೆಯಬೇಕು ಎನ್ನುವ ತರಬೇತಿ. ಪ್ರತಿ ಕಾಲೇಜಿನ ಪುಟದಲ್ಲಿಯೂ ಮರದ ಕೆಳಗೆ ಪುಸ್ತಕ ಹಿಡಿದುಕೊಂಡು ನಗುವ ಒಬ್ಬಳು ಹುಡುಗಿ ಇದ್ದೇ ಇದ್ದಳು. ಓದುತ್ತಾ ಅಷ್ಟು ಹಲ್ಲು ಬಿಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಗೆ ತಮ್ಮ ಕಾಲೇಜು ಸಿಕ್ಕಿತು. ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ, ಮೂರು ವರ್ಷವೂ ಕಥೆ, ಕವಿತೆ, ನಾಟಕ, ಮೇಲಾಗಿ ಕೈಲಾಗದವರಿಗೆ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ. ಕಡ್ಡಿ ತನ್ನ ಬರಹಗಳನ್ನು ಕಳಿಸಿದಳು, ಅಲ್ಲಿಯ ಮೇಷ್ಟ್ರೊಬ್ಬರು "ಖಂಡಿತ ಬಾರಮ್ಮ" ಎಂದು ಸ್ವಂತ ಕೈಯಿಂದಲೇ ಉತ್ತರ ಬರೆದರು. ಆ ದಿನ ನಮ್ಮ ಹುಡುಗಿ ಅಂಗಡಿಯ ಏಣಿಯ ತುದಿಗೆ ಹತ್ತಿ ಕುಳಿತು ಅದನ್ನು ಗಟ್ಟಿಯಾಗಿ ಓದಿದಳು, ನನ್ನ ತಮ್ಮ ಕಣ್ಣೊರೆಸಿಕೊಂಡ, ನಾನು ನೋಡದವಳ ಹಾಗೆ ಹೊಲಿಗೆ ಯಂತ್ರ ತುಳಿದೆ. ಇನ್ನು ಉಳಿದದ್ದು ರಿಯಾಯಿತಿಗಾಗಿ ತಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವುದೊಂದೇ ಎಂದು ನಾವೆಲ್ಲ ತಿಳಿದಿದ್ದೆವು.

ಕುಟುಂಬದ ಒಡೆತನದಲ್ಲಿರುವ ಬೆಲೆಬಾಳುವ ವಸ್ತುಗಳು, ಕಟ್ಟಡಗಳು ಮತ್ತು ಪ್ರಾಣಿಗಳನ್ನು ಒಂದನ್ನೂ ಮುಚ್ಚಿಡದೆ ನಮೂದಿಸತಕ್ಕದ್ದು ಎಂದು ತಾವು ಕೇಳಿದ್ದಿರಿ. ನನ್ನ ತಮ್ಮ, ಅಂಗಡಿಯವನು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟರೆ ಅರ್ಧ ದಾರಿಯಿಂದ ಹಿಂದಿರುಗಿ ಹೋಗಿ ಕೊಟ್ಟು ಬರುವ ಜಾತಿಯವನು. ಮುಚ್ಚಿಡದೆ ಎಂದು ಕಂಡ ಮೇಲೆ ಕೇಳಬೇಕೆ? ನಾನಾಗ ಕೆಳಗೆ ಗಿರಾಕಿಯೊಬ್ಬರಿಗೆ ಮಂತ್ರಿಯ ಹೊಟ್ಟೆ ಕಟ್ಟಿ ತೋರಿಸುತ್ತಿದ್ದೆ, ಇಲ್ಲದಿದ್ದರೆ ಅವನ ಕೈಮೇಲೆ ಒಂದು ಬಾರಿಸುತ್ತಿದ್ದೆ. ಅವನು ಒಬ್ಬನೇ ಕುಳಿತು, ಅಪ್ಪನ ಕಟ್ಟಳೆ ಒಂದಿಷ್ಟೂ ಮುರಿಯದ ಹಾಗೆ, ಕಿರೀಟ ಹದಿನಾಲ್ಕು, ಸಿಂಹಾಸನ ಮೂರು, ರತ್ನಖಚಿತ ಖಡ್ಗ ಒಂದು ಕಟ್ಟು, ಕುದುರೆ ಒಂದು (ಒಳಗೆ ಇಬ್ಬರು ನಿಲ್ಲಬೇಕು), ಅರಮನೆ ಒಂದು (ಮಡಚಬಹುದು) ಎಂದು ತುಂಬಿಸಿ ಕಳಿಸಿಬಿಟ್ಟ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾನು ಗಾದೆಯಲ್ಲಿ ಮಾತ್ರ ಕೇಳಿದ್ದೆ, ತಮ್ಮ ದಯೆಯಿಂದ ಕಣ್ಣಾರೆ ಕಂಡೆ. ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿರಿ. ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿದವು, ನಡುವೆ "ಅಭಿನಂದನೆಗಳು! ತಮ್ಮ ಕುಟುಂಬವು ಪೂರ್ಣ ಶುಲ್ಕವನ್ನು ಭರಿಸುವ ಸಾಮರ್ಥ್ಯ ಹೊಂದಿದೆ" ಎಂದು ಮೂಡಿತು. ಕುದುರೆಗೆ ಲಾಯದ ಖರ್ಚು ಎಷ್ಟೆಂದೂ ಕೆಳಗೆ ಒಂದು ಮರುಪ್ರಶ್ನೆ ಇತ್ತು. ಪಾಳಿ ಮುಗಿಸಿ ಬಂದ ಹುಡುಗಿಯ ಅಮ್ಮ ಅದನ್ನು ಓದಿ, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಳಿತು, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗಾಯ್ತು ನಮ್ಮ ಕಥೆ" ಎಂದಳು.

ಮಾನ್ಯರೇ, ತಮ್ಮ ಔದಾರ್ಯವನ್ನು ನಾನು ಎಷ್ಟೆಂದು ಹೊಗಳಲಿ! ನಮ್ಮ ಏಳು ತಲೆಮಾರಿನಲ್ಲಿ ಯಾರೂ ಕಂಡುಹಿಡಿಯದ ರಾಜಯೋಗವನ್ನು ತಾವು ಒಂದು ಗುಂಡಿ ಒತ್ತಿಸಿ ಕಂಡುಹಿಡಿದಿರಿ. ಬ್ಯಾಂಕಿನವರು ಇಷ್ಟು ವರ್ಷ ನಮ್ಮನ್ನು ನಿಲ್ಲಿಸಿಯೇ ಮಾತನಾಡಿಸುತ್ತಿದ್ದರು, ಅವರ ಅಜ್ಞಾನಕ್ಕೆ ಮರುಕವಾಗುತ್ತದೆ. ಕುದುರೆಯ ಹಿಂಭಾಗಕ್ಕೆ ಹೋದ ವರ್ಷ ನಾನೇ ತೇಪೆ ಹಾಕಿದ್ದೆ, ಅದೊಂದು ಆಸ್ತಿಯ ಸಂರಕ್ಷಣೆಯಾಗಿತ್ತು ಎಂದು ಆಗ ಗೊತ್ತಿದ್ದರೆ ಇನ್ನೂ ಸಣ್ಣ ಹೊಲಿಗೆ ಹಾಕುತ್ತಿದ್ದೆ.

ಆದರೂ ಪ್ರಜೆಗಳಿಲ್ಲದ ರಾಜ್ಯದಿಂದ ಆದಾಯ ಬರದು ಎಂಬ ಸಣ್ಣ ತೊಂದರೆ ಇದ್ದುದರಿಂದ, ನಾನು, ನನ್ನ ತಮ್ಮ ಮತ್ತು ಕಡ್ಡಿ ಮೂವರೂ ತಮ್ಮ ಕಾಲೇಜಿನ ಕಚೇರಿಗೆ ಬಂದೆವು. ಗಾಜಿನ ಕಿಂಡಿಯ ಹಿಂದೆ ಗುಮಾಸ್ತರೊಬ್ಬರಿದ್ದರು, ಒಳ್ಳೆಯ ಮನುಷ್ಯ, ಪಾಪ. "ಯಂತ್ರ ಹೇಳಿದ ಮೇಲೆ ನಮ್ಮ ಕೈಲಿ ಏನೂ ಇಲ್ಲ ಅಮ್ಮ. ಕಿರೀಟ ಚಿನ್ನದ್ದಲ್ಲ ಅಂತ ಅಕ್ಕಸಾಲಿಗರ ಹತ್ರ ಬರೆಸ್ಕೊಂಡು ಬನ್ನಿ, ನೋಡೋಣ" ಎಂದರು. ಅಕ್ಕಸಾಲಿಗರು ಕಿರೀಟವನ್ನು ಬೆರಳಿನಿಂದ ತಟ್ಟಿ ನೋಡಿ, "ಇದನ್ನ ಒರೆಗೆ ಹಚ್ಚಿದ್ರೆ ನನ್ನ ಒರೆಗಲ್ಲೇ ನಕ್ಕುಬಿಡುತ್ತೆ ತಾಯಿ" ಎಂದರು, ಆದರೂ ಇದು ರಟ್ಟು ಎಂದು ಬರೆದು ಮೊಹರು ಒತ್ತಿದರು. ಆ ಮೊಹರಿನ ಸದ್ದಿಗೆ ನನ್ನ ತಮ್ಮನ ಮುಖ ಸಣ್ಣದಾಯಿತು. ಅಪ್ಪನ ಕಾಲದಿಂದ ಅಂಗಡಿಯಲ್ಲಿ ಯಾರೂ ಆಡದ ಮಾತನ್ನು ಮಗಳಿಗಾಗಿ ಅವನು ದುಡ್ಡು ಕೊಟ್ಟು ಬರೆಸಿಕೊಂಡಿದ್ದ. ನನಗೆ ಹೊಟ್ಟೆ ಉರಿದದ್ದು ಅಲ್ಲಿ, ಮಾನ್ಯರೇ. ಶುಲ್ಕಕ್ಕಲ್ಲ.

ಇದರ ನಡುವೆ ಕಡ್ಡಿ ತಮಗೊಂದು ವಿವರಣೆ ಬರೆದಿದ್ದಳು. ಮಡಚುವ ಅರಮನೆ ಎಂದರೇನು, ಗಾಳಿ ಬಂದರೆ ಅದರ ಉಪ್ಪರಿಗೆ ಹೇಗೆ ಊದಿಕೊಳ್ಳುತ್ತದೆ, ಅದರ ಹಿಂದೆ ನಿಂತು ಒಬ್ಬ ರಾಜ ಬೀಡಿ ಸೇದುವಾಗ ಮುಂದೆ ಅವನ ರಾಣಿ ಅವನಿಗಾಗಿ ಹೇಗೆ ಕಾಯುತ್ತಿರುತ್ತಾಳೆ, ನಾಟಕ ಮುಗಿದ ಮೇಲೆ ಇಡೀ ಸಾಮ್ರಾಜ್ಯವನ್ನು ಅವಳಪ್ಪ ಹೇಗೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ಬರುತ್ತಾನೆ ಎಂದೆಲ್ಲ ಒಂದೇ ಪುಟದಲ್ಲಿ. ಅಷ್ಟು ಚೆನ್ನಾಗಿ ಅವಳು ಮುಂಚೆ ಬರೆದದ್ದು ನನಗೆ ನೆನಪಿಲ್ಲ. ಗುಮಾಸ್ತರು ಅದನ್ನು ಕಿಂಡಿಯ ಹಿಂದೆ ಓದುತ್ತಾ ಓದುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಕಿಂಡಿಯ ಹೆಂಗಸನ್ನು ಕರೆದು ಓದಿಸಿದರು. ಆಕೆ ನಗುತ್ತಾ ಶುರುಮಾಡಿ ಸೈಕಲ್ಲಿನ ಜಾಗಕ್ಕೆ ಬಂದಾಗ ಮೂಗು ಒರೆಸಿಕೊಂಡರು. ಆಮೇಲೆ ಗುಮಾಸ್ತರು ಪುಟವನ್ನು ನೀಟಾಗಿ ಮಡಚಿ ಕಿಂಡಿಯಿಂದ ಹೊರಗೆ ಚಾಚಿ, "ತುಂಬಾ ಚೆನ್ನಾಗಿದೆ ಮಗಳೇ, ಆದ್ರೆ ಇದನ್ನ ಯಂತ್ರಕ್ಕೆ ಹಾಕೋಕೆ ಜಾಗ ಇಲ್ಲ" ಎಂದರು. ಬರವಣಿಗೆಯನ್ನು ಕಲಿಸುವ ಕಾಲೇಜಿನಲ್ಲಿ ಬರೆದದ್ದನ್ನು ಇಡಲು ಜಾಗವಿಲ್ಲ ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹುಡುಗಿ ಪುಟವನ್ನು ಚೀಲಕ್ಕೆ ಹಾಕಿಕೊಂಡಳು.

ಅಕ್ಕಸಾಲಿಗರ ಮೊಹರನ್ನು ತಾವು ಒಪ್ಪಿದಿರಿ, ಅದಕ್ಕೆ ಋಣಿ. ಆದರೆ ಆಸ್ತಿಯನ್ನು ಪಟ್ಟಿಯಿಂದ ತೆಗೆಯಲು ತಾವು ಕೊಟ್ಟ ಕಾರಣಗಳು ನಾಲ್ಕೇ. ಮಾರಿದೆ, ಕಳುವಾಗಿದೆ, ದಾನ ಕೊಟ್ಟಿದೆ, ನಾಶವಾಗಿದೆ. ಮೊದಲಿನಿಂದಲೂ ರಟ್ಟೇ ಆಗಿತ್ತು ಎಂಬ ಐದನೆಯದೊಂದು ಇರಲಿಲ್ಲ. ನನ್ನ ತಮ್ಮ ಸುಳ್ಳು ಒತ್ತಲಾರೆ ಎಂದು ಕೈಕಟ್ಟಿ ಕುಳಿತ. ಅವನಿಗೇ ಬಿಟ್ಟರೆ ಕೆಲಸ ಕೆಟ್ಟೀತೆಂದು ನಾನೇ ಮುಂದೆ ಬಂದು, ಎಲ್ಲದಕ್ಕೂ ನಾಶವಾಗಿದೆ ಎಂದು ಒತ್ತಿದೆ. ಆ ಕ್ಷಣದಲ್ಲಿ ತಾವು ತೋರಿದ ಹೃದಯವಂತಿಕೆಯನ್ನು ಜನ್ಮದಲ್ಲಿ ಮರೆಯಲಾರೆ. ಅರಮನೆಯ ನಾಶಕ್ಕೆ ಸಂತಾಪ ಸೂಚಿಸಿದಿರಿ, ಕುದುರೆಗೆ ಪ್ರತ್ಯೇಕವಾಗಿ ಸೂಚಿಸಿದಿರಿ. ಅಷ್ಟರಲ್ಲಿ, ಪಟ್ಟಿಯಲ್ಲಿ ನಮ್ಮದೆಂದಿದ್ದ ಒಂದೇ ಕಟ್ಟಡ ಆ ಅರಮನೆಯಾದ್ದರಿಂದ, ಅದರ ಜೊತೆಗೆ ನಮ್ಮ ವಿಳಾಸವನ್ನೂ ಅಳಿಸಿ ಹಾಕಿದಿರಿ. ಕೊನೆಗೆ ತಮ್ಮ ತೀರ್ಪು ಬಂತು. ಈ ಕುಟುಂಬಕ್ಕೆ ಆಸ್ತಿಯಾಗಲಿ ನಿವಾಸವಾಗಲಿ ಇಲ್ಲದಿರುವುದರಿಂದ, ರಿಯಾಯಿತಿಯ ನಂತರ ಉಳಿಯುವ ಶುಲ್ಕವನ್ನು ಭರಿಸುವ ಶಕ್ತಿಯೂ ಇಲ್ಲ, ಆದ್ದರಿಂದ ಅರ್ಜಿದಾರರ ಹಿತದೃಷ್ಟಿಯಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

ನಾವು ರಾಜರಾಗಿದ್ದಾಗ ರಿಯಾಯಿತಿ ಬೇಕಾಗಿರಲಿಲ್ಲ, ಭಿಕಾರಿಗಳಾದ ಮೇಲೆ ರಿಯಾಯಿತಿ ಸಾಲುವುದಿಲ್ಲ. ಹಾಗಾದರೆ ತಮ್ಮ ರಿಯಾಯಿತಿ ಯಾರಿಗಾಗಿ ಇದೆ ಸ್ವಾಮೀ? ರಾಜ್ಯ ಕಳೆದುಕೊಳ್ಳುತ್ತಿರುವಾಗ, ಇನ್ನೂ ಪೂರ್ತಿ ಕಳೆದುಕೊಂಡಿರದ ಆ ಅರೆಗಳಿಗೆಯಲ್ಲಿ ಅರ್ಜಿ ಹಾಕುವವರಿಗೇ ಇರಬೇಕು. ಅಂಥವರು ಯಾರಾದರೂ ಸಿಕ್ಕಿದ್ದಾರೆಯೇ ಎಂದು ತಿಳಿಯುವ ಕುತೂಹಲವಿದೆ, ಸಿಕ್ಕಿದ್ದರೆ ಅವರ ಪಟ್ಟಾಭಿಷೇಕಕ್ಕೆ ಸಾಮಾನು ನಾವೇ ಒದಗಿಸುತ್ತೇವೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಿಗಾದರೂ ಆಡುವುದರಲ್ಲಿ ಖುಷಿ ಇರುತ್ತದೆ, ತಮಗೆ ಅದೂ ಇಲ್ಲ.

ಹುಡುಗಿಯ ಜಾಗಕ್ಕೆ ಬೇರೆ ಯಾರನ್ನೋ ತೆಗೆದುಕೊಂಡರೆಂದು ತಿಳಿಯಿತು. ಅವರಿಗೆ ಒಳ್ಳೆಯದಾಗಲಿ, ಅವರ ಮೇಲೆ ನನಗೆ ಸಿಟ್ಟಿಲ್ಲ. "ಹೋಗ್ಲಿ ಬಿಡಿ ಅತ್ತೆ, ಮುಂದಿನ ವರ್ಷ ನೋಡೋಣ" ಎಂದು ಕಡ್ಡಿಯೇ ನಮ್ಮನ್ನು ಸಮಾಧಾನ ಮಾಡುತ್ತಾಳೆ. ಆದರೆ ಈಗ ಉಡುಪಿನ ಚೀಟಿಗಳ ಮೇಲೆ "ಎಡತೋಳು ಹರಿದಿದೆ" ಎಂದಷ್ಟೇ ಬರೆದಿರುತ್ತದೆ. ಮೊನ್ನೆ ನಾಟಕದವನೊಬ್ಬ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇನ್ನೇನೂ ಇಲ್ವಾ ಎಂದು ಕೇಳಿದ. ಅವಳು ಇಲ್ಲ ಎಂದಳು. ಆ ಇಲ್ಲ ಎನ್ನುವ ಮಾತನ್ನು ಕೇಳಿದ ದಿನವೇ ನಾನು ಈ ಪತ್ರ ಬರೆಯಬೇಕೆಂದು ನಿಶ್ಚಯಿಸಿದೆ. ನನ್ನ ಮನೆಯ ಹುಡುಗಿ ಬಾಯಿ ಮುಚ್ಚಿದ್ದಾಳೆ, ಮುಚ್ಚಿಸಿದವರು ತಾವು, ಇದನ್ನು ಎಷ್ಟು ಮರ್ಯಾದೆಯ ಭಾಷೆಯಲ್ಲಿ ಬರೆದರೂ ಅರ್ಥ ಅದೇ.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ ಹೀಗಿದೆ. ಕಥೆ ಎಂದರೇನೆಂದು ತಿಳಿಯದೆ ಕಥೆ ಕಲಿಸುವ ಮನೆಯ ಬಾಗಿಲು ಕಾಯುವುದು ತಮ್ಮಂಥ ದೊಡ್ಡವರಿಗೆ ಶೋಭಿಸುವುದಿಲ್ಲ. ಹಾಗಾಗಿ ತಾವು ದಯಮಾಡಿ ಅದೇ ವಿಭಾಗದಲ್ಲಿ ಮೊದಲನೆಯ ವರ್ಷಕ್ಕೆ ವಿದ್ಯಾರ್ಥಿಯಾಗಿ ಸೇರಬೇಕು, ಪೂರ್ಣ ಶುಲ್ಕ ಕಟ್ಟಿಯೇ ಸೇರಬೇಕು, ಕಡೆಯ ಬೆಂಚಿನಲ್ಲಿ ಕೂರಬೇಕು. ರಟ್ಟಿನ ಕಿರೀಟ ಇಟ್ಟುಕೊಂಡ ಮನುಷ್ಯನೊಬ್ಬ ರಾಜ್ಯ ಕಳೆದುಕೊಂಡೆ ಎಂದಾಗ ಎದುರಿಗೆ ಕುಳಿತ ನೂರು ಜನ ಯಾಕೆ ಅಳುತ್ತಾರೆ ಎಂದು ಮೇಷ್ಟ್ರು ಕೇಳುತ್ತಾರೆ. ಅದಕ್ಕೆ ನಾಲ್ಕು ಆಯ್ಕೆಗಳಿರುವುದಿಲ್ಲ, ತಾವೇ ಯೋಚಿಸಿ ಬರೆಯಬೇಕಾಗುತ್ತದೆ. ಬರೆಯಲು ಬಂದ ದಿನ ನಮ್ಮ ಹುಡುಗಿಯ ಅರ್ಜಿಯನ್ನು ತೆರೆದು ಇನ್ನೊಮ್ಮೆ ಓದಿ. ಅಲ್ಲಿಯವರೆಗೆ ತಾವು ಯಾರಿಗೂ ಅಭಿನಂದನೆ ಹೇಳದೆ ಇದ್ದರೆ ಅದನ್ನೇ ದೊಡ್ಡ ಉಪಕಾರವೆಂದು ಭಾವಿಸುತ್ತೇವೆ.

ತಮ್ಮ ತಂತಿಗಳಿಗೂ ತಮ್ಮನ್ನು ಕೊಂಡು ತಂದವರಿಗೂ ಶುಭವನ್ನು ಕೋರುತ್ತಾ,

ಒಂದು ವಾರದ ಮಟ್ಟಿಗೆ ರಾಜವಂಶಸ್ಥಳಾಗಿದ್ದ, ಈಗ ವಿಳಾಸವಿಲ್ಲದ,
ತಮ್ಮ ವಿಶ್ವಾಸಿ,
ಹುಡುಗಿಯ ಸೋದರತ್ತೆ

ಸಹಿ ಹಾಕಿದ ಮೇಲೆ ನೆನಪಾದದ್ದು: ತಮ್ಮ ಕಾಲೇಜಿನ ಪದವಿ ಪ್ರದಾನ ಸಮಾರಂಭಕ್ಕೆ ಕಪ್ಪು ನಿಲುವಂಗಿಗಳನ್ನು ಈ ಸಲ ನಮ್ಮ ಅಂಗಡಿಯಿಂದಲೇ ಬಾಡಿಗೆಗೆ ಗೊತ್ತುಮಾಡಿದ್ದಾರೆ. ತಾವು ಅಳಿಸಿ ಹಾಕಿದ ವಿಳಾಸಕ್ಕೆ ತಮ್ಮವರ ಗಾಡಿ ಸರಿಯಾಗಿಯೇ ಬಂದು ಮುಂಗಡ ಕೊಟ್ಟು ಹೋಯಿತು. ಹೋಗುವಾಗ, ವಿದ್ಯಾಸಂಸ್ಥೆ ಅಂತ ಸ್ವಲ್ಪ ರಿಯಾಯಿತಿ ಮಾಡಿಕೊಡಿ ಎಂದೂ ಕೇಳಿದರು, ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆದರೆ ಪತ್ರದ ಮರ್ಯಾದೆ ಕೆಡುತ್ತದೆ. ಅಂಚು ಹೊಲಿಯುವ ಕೆಲಸ ಕಡ್ಡಿಯದು. ನಿನ್ನೆ ಸಂಜೆ ನಾನು ಮೇಲಿನಿಂದ ಇಳಿದು ಬರುವಾಗ ಅವಳು ಒಂದು ನಿಲುವಂಗಿಯನ್ನು ಹಾಕಿಕೊಂಡು, ಟೋಪಿಯನ್ನೂ ಇಟ್ಟುಕೊಂಡು, ಕನ್ನಡಿಯ ಮುಂದೆ ಸುಮ್ಮನೆ ನಿಂತಿದ್ದಳು. ನನ್ನನ್ನು ಕಂಡ ಕೂಡಲೇ ಟೋಪಿ ತೆಗೆದು, "ಉದ್ದ ಸರಿ ಇದೆಯಾ ಅಂತ ನೋಡ್ತಿದ್ದೆ ಅತ್ತೆ" ಎಂದಳು. ಸರಿಯಾಗಿದೆ ಕಣೇ ಎಂದೆ. ಆ ನಿಲುವಂಗಿಯನ್ನು ನಾನು ತೆಗೆದಿಟ್ಟಿದ್ದೇನೆ, ಅದು ಬಾಡಿಗೆಗೆ ಇಲ್ಲ. ತಮಗೆ ಒಂದು ಕಡಿಮೆ ಬರುತ್ತದೆ. ತಮ್ಮ ಪದವೀಧರರಲ್ಲಿ ಯಾರಾದರೊಬ್ಬರು ನಿಲುವಂಗಿ ಇಲ್ಲದೆ ಹಾಗೆಯೇ ವೇದಿಕೆ ಹತ್ತಲಿ, ಅವರು ಕಲಿತದ್ದರಲ್ಲಿ ಏನೂ ಕಡಿಮೆಯಾಗುವುದಿಲ್ಲ.